ಹಂಗಾದ್ರ ಹೋಗು

ನನ್ನ ಮೇಜಿನ ಮೇಲೆ ಒಂದು ಹಳೇ ನೋಟ್‌ಬುಕ್ ಇದೆ. ನಲವತ್ತು ಹಾಳೆಯದು. ರಟ್ಟು ಉದುರಿಹೋಗಿದೆ, ಹೊಲಿದ ದಾರ ಮಾತ್ರ ಇನ್ನೂ ಗಟ್ಟಿ. ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ ‘ಮಗನ ಪಾರ್ಟು’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಪುಟ ತಿರುವಿದರೆ ಒಳಗೆ ಇಡೀ ನಾಟಕ ಇಲ್ಲ. ಮಗನ ಮಾತಷ್ಟೇ ಇದೆ. ಅವನ ಒಂದೊಂದು ಮಾತಿಗೂ ಮುಂಚೆ ಚುಕ್ಕಿ ಚುಕ್ಕಿ ಹಾಕಿ ಎರಡು ಮೂರು ಪದ ಬರೆದಿದೆ. ಅದು ಎದುರಿಗಿರುವವರ ಮಾತಿನ ಬಾಲ. ಆ ಬಾಲ ಕಿವಿಗೆ ಬಿದ್ದ ಕೂಡಲೇ ಮಗ ಬಾಯಿ ತೆಗೆಯಬೇಕು.

ನಡುವಿನ ಒಂದು ಪುಟದಲ್ಲಿ ಹೀಗಿದೆ:

ಮಗ: ಹೋಗ್ಲೇನವ್ವಾ?
…… ಹಂಗಾದ್ರ ಹೋಗು.
ಮಗ: (ಕಾಲಿಗೆ ಬೀಳುವುದು. ಗಂಟು ಹೆಗಲಿಗೆ. ಹಿಂದೆ ನೋಡದೆ ಹೋಗುವುದು.)

ಆ ಚುಕ್ಕಿಗಳ ಜಾಗದಲ್ಲಿ ತಾಯಿಯ ಮಾತಿತ್ತು. ಅದೇನು ಅಂತ ತಿಳಿಯಲು ನನಗೆ ನಾಲ್ಕು ವರ್ಷ ಹಿಡಿಯಿತು.

ಈ ನಾಟಕ ಬರೆದವರು ಬಿಎಯಲ್ಲಿ ನನಗೆ ಕನ್ನಡ ಕಲಿಸಿದ ಸರ್. ಹೆಸರು ಬರೆಯುತ್ತಿಲ್ಲ, ಮನೆಯವರು ಬೇಡ ಅಂದಿದ್ದಾರೆ. ಬಲ್ಲವರಿಗೆ ಹೆಸರಿಲ್ಲದೆಯೂ ಗೊತ್ತಾಗುತ್ತದೆ. ಅವರು ಹದಿನೇಳು ನಾಟಕ ಬರೆದರು. ಅಚ್ಚಾಗಿದ್ದು ಮೂರು. ಉಳಿದ ಹದಿನಾಲ್ಕು ನಾಟಕ ಚಿತ್ತಾಪುರ, ಸೇಡಂ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಹೀಗೆ ಪಾರ್ಟು ಪಾರ್ಟಾಗಿ ಚೆಲ್ಲಿಹೋಗಿವೆ. ಒಬ್ಬರ ಮನೆಯಲ್ಲಿ ರಾಜ, ಇನ್ನೊಬ್ಬರ ಮನೆಯಲ್ಲಿ ಮಂತ್ರಿ.

ಸರ್ ಹುಟ್ಟಿದ್ದು 1944ರಲ್ಲಿ, ಚಿತ್ತಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ. ಶಹಾಬಾದ್ ಕಲ್ಲು ಅಂತ ಎಲ್ಲ ಕಡೆ ಹೆಸರಾದ ಫರ್ಸಿ ಸಿಗುವ ನೆಲ ಅದು. ಅವರ ಅಪ್ಪ ಕಲ್ಲಿನ ಖಣಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಲೆಕ್ಕ ಉರ್ದುವಿನಲ್ಲಿ, ಯಾಕೆಂದರೆ ಆಗ ನಿಜಾಮನ ರಾಜ್ಯ. ಶಾಲೆ ಉರ್ದು, ಕಚೇರಿ ಉರ್ದು, ಹೊಲದ ಕಾಗದ ಉರ್ದು. ಮನೆಗೆ ಬಂದರೆ ಕನ್ನಡ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ಕ್ಕೆ. ಸರ್‌ಗೆ ಆಗ ನಾಲ್ಕು ವರ್ಷ. ‘ನಮ್ಮಪ್ಪ ಮಾತಾಡಿದ್ದು ಬರೀತಿರಲಿಲ್ಲ, ಬರೆದದ್ದು ಮಾತಾಡ್ತಿರಲಿಲ್ಲ’ ಅಂತ ಅವರು ಕ್ಲಾಸಿನಲ್ಲಿ ಹೇಳುತ್ತಿದ್ದರು. ನಮಗೆ ಅದು ಸುಮ್ನೆ ಒಂದು ಚೆಂದದ ಮಾತು ಅನ್ನಿಸುತ್ತಿತ್ತು. ಅದರ ಹಿಂದೆ ಎಷ್ಟಿದೆ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಧಾರವಾಡದಲ್ಲಿ ಎಂಎ ಮಾಡಿ ಬಂದು ಕಲಬುರಗಿಯ ಒಂದು ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದರು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾದ ಮೇಲೆ ಅಲ್ಲೇ ಪಿಎಚ್‌ಡಿ ಮಾಡಿದರು. ವಿಷಯ ಜಾತ್ರೆ ನಾಟಕ. ವರ್ಷದ ಎಂಟು ತಿಂಗಳು ಕ್ಲಾಸಿನಲ್ಲಿ ನಾಟಕ ಕಲಿಸುವುದು, ಬೇಸಿಗೆ ಬಂದರೆ ಹೆಗಲಿಗೆ ಬಗಲುಚೀಲ ಹಾಕಿಕೊಂಡು ಕೆಂಪು ಬಸ್ಸು ಹತ್ತಿ ಹಳ್ಳಿಗಳಿಗೆ ಹೋಗಿ ನಾಟಕ ಕೂಡಿಸುವುದು. ನಲವತ್ತೆರಡು ನಲವತ್ಮೂರು ಡಿಗ್ರಿ ಬಿಸಿಲು. ಕಲಬುರಗಿಯ ಬಿಸಿಲು ಕಂಡವರಿಗೆ ಗೊತ್ತು.

ನಮ್ಮ ಕಡೆ ಜಾತ್ರೆ ನಾಟಕ ಹೇಗೆ ಆಗುತ್ತದೆ ಅಂತ ಸ್ವಲ್ಪ ಹೇಳಬೇಕು. ಅದು ಗೊತ್ತಿಲ್ಲದೆ ಸರ್ ಮಾಡಿದ ಕೆಲಸ ಅರ್ಥವಾಗುವುದಿಲ್ಲ.

ತೊಗರಿ ರಾಶಿ ಮುಗಿದ ಮೇಲೆ ಹಳ್ಳಿಯಲ್ಲಿ ಕೈಯಲ್ಲಿ ಒಂದಿಷ್ಟು ದುಡ್ಡು, ಒಂದಿಷ್ಟು ಬಿಡುವು ಇರುತ್ತದೆ. ಆಗ ಹುಡುಗರು ಹನುಮಪ್ಪನ ಗುಡಿ ಕಟ್ಟೆಗೆ ಸೇರುತ್ತಾರೆ. ಈ ವರ್ಷ ನಾಟಕ ಆಡಬೇಕು ಅಂತ ತೀರ್ಮಾನ ಆಗುತ್ತದೆ. ಆಮೇಲೆ ಪಟ್ಟಿ. ಪಾರ್ಟು ಮಾಡುವವರೇ ದುಡ್ಡು ಹಾಕಬೇಕು. ಹೀರೋ ಜಾಸ್ತಿ ಹಾಕುತ್ತಾನೆ, ಖಳನಾಯಕ ಅದಕ್ಕಿಂತ ಸ್ವಲ್ಪ ಕಡಿಮೆ, ಆಳಿನ ಪಾರ್ಟಿನವನು ಕೈಲಾದಷ್ಟು. ಆ ದುಡ್ಡಿನಲ್ಲಿ ಪರದೆ, ಡ್ರೆಸ್ಸು, ಲೈಟು ಬಾಡಿಗೆಗೆ ಬರಬೇಕು. ಪೇಟಿ ಮಾಸ್ತರರಿಗೆ ಕೊಡಬೇಕು, ಸ್ತ್ರೀ ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರಿಗೆ ಕೊಡಬೇಕು. ಹದಿನಾಲ್ಕು ಜನ ಪಟ್ಟಿ ಹಾಕಿದರೆ ನಾಟಕದಲ್ಲಿ ಹದಿನಾಲ್ಕು ಪಾರ್ಟು ಇರಲೇಬೇಕು. ಹದಿನೈದನೆಯವನು ಬಂದರೆ ಕವಿ ಕೂತು ಇನ್ನೊಂದು ಪಾರ್ಟು ಬರೆಯಬೇಕು.

ಪೇಟೆಯ ವಿಮರ್ಶಕರು ಇದನ್ನು ನಾಟಕದ ದೋಷ ಅಂತ ಬರೆದದ್ದು ಓದಿದ್ದೇನೆ. ಸರ್ ಹಾಗೆ ತಿಳಿಯಲಿಲ್ಲ. ಮಗನ ಪಾರ್ಟು ಇರುವ ಈ ನಾಟಕದಲ್ಲೇ ನೋಡಿ. ಜನ ಅದನ್ನು ಕರೆಯುತ್ತಿದ್ದುದು ಬಾವಿ ನಾಟಕ ಅಂತಲೇ. ಹ್ಯಾಂಡ್‌ಬಿಲ್ಲಿನಲ್ಲಿ ‘ಅರ್ಥಾತ್’ ಸೇರಿಸಿದ ಎರಡು ಉದ್ದದ ಹೆಸರು ಇದ್ದವು, ಅವು ಯಾರಿಗೂ ನೆನಪಿಲ್ಲ. ತಾಲೀಮು ಅರ್ಧ ಮುಗಿದಾಗ ಬೊಂಬಾಯಿಯಿಂದ ಒಬ್ಬ ಹುಡುಗ ರಜೆಗೆ ಬಂದನಂತೆ. ನನಗೂ ಪಾರ್ಟು ಬೇಕು ಅಂತ ದುಡ್ಡು ಮುಂದಿಟ್ಟ. ಸರ್ ಒಂದು ರಾತ್ರಿಯಲ್ಲಿ ಪೋಸ್ಟ್‌ಮನ್ ಪಾತ್ರ ಬರೆದರು. ಅವನು ಊರಿಗೆ ಒಂದು ಕಾಗದ ತರುತ್ತಾನೆ. ಊರಿನಲ್ಲಿ ಅದನ್ನು ಓದಬಲ್ಲವರು ಯಾರೂ ಇಲ್ಲ. ಕಾಗದ ಕೈಯಿಂದ ಕೈಗೆ ಹೋಗುತ್ತದೆ. ಒಬ್ಬ ಮೂಸುತ್ತಾನೆ, ಒಬ್ಬಳು ಎದೆಗೆ ಒತ್ತಿಕೊಳ್ಳುತ್ತಾಳೆ, ಗೌಡ ತಲೆಕೆಳಗಾಗಿ ಹಿಡಿದು ಓದಿದಂತೆ ಮಾಡುತ್ತಾನೆ. ನಾನು ಇಲ್ಲಿಯವರೆಗೆ ನೋಡಿದ ನಾಟಕಗಳಲ್ಲಿ ಅಂಥ ದೃಶ್ಯ ಕಡಿಮೆ. ಅದು ಹುಟ್ಟಿದ್ದು ಒಬ್ಬ ಹುಡುಗ ಪಟ್ಟಿ ಹಾಕಿದ್ದರಿಂದ.

ಇನ್ನು ಆಯೇರಿ. ನಾಟಕ ರಾತ್ರಿ ಹತ್ತೂವರೆಗೆ ಶುರುವಾದರೆ ಮುಗಿಯುವುದು ಬೆಳಗಿನ ಜಾವ. ನಡುನಡುವೆ ಯಾರಾದರೂ ಸ್ಟೇಜಿಗೆ ಹತ್ತಿ ಪಾತ್ರಧಾರಿಗೆ ಹಾರ ಹಾಕಿ ದುಡ್ಡು ಕೊಡುತ್ತಾರೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಅಲ್ಲಿಯವರೆಗೆ ಸತ್ತವನು ಸತ್ತಂತೆ ಮಲಗಿರಬೇಕು, ಅಳುವವಳು ಸೆರಗು ಹಿಡಿದು ನಿಂತಿರಬೇಕು. ಸರ್ ಇದಕ್ಕೂ ಜಾಗ ಮಾಡಿ ಬರೆಯುತ್ತಿದ್ದರು. ಎಲ್ಲಿ ಜನ ಕರಗಿ ಆಯೇರಿ ಕೊಡಲು ಏಳುತ್ತಾರೆ ಅಂತ ಅವರಿಗೆ ಅಂದಾಜಿತ್ತು. ಅಲ್ಲಿ ಮಾತು ಮುಗಿಸಿ, ಪಾತ್ರಗಳನ್ನು ನಿಂತ ನಿಲುವಿನಲ್ಲೇ ನಿಲ್ಲಿಸುತ್ತಿದ್ದರು. ಆಯೇರಿ ಮುಗಿದ ಮೇಲೆ ನಾಟಕ ಅಲ್ಲಿಂದಲೇ ಏಳುತ್ತಿತ್ತು. ಎಲ್ಲಿ ಆಯೇರಿ ಬರಬಾರದೋ ಅಲ್ಲಿ ಉಸಿರಾಡಲೂ ಸಂದು ಕೊಡದೆ ಮಾತಿನ ಮೇಲೆ ಮಾತು. ಇದನ್ನು ಅವರು ಯಾವ ಪುಸ್ತಕದಿಂದ ಕಲಿತರು? ಮುಂದಿನ ಸಾಲಿನಲ್ಲಿ ಗೋಣಿಚೀಲದ ಮೇಲೆ ಕೂತು ಕಲಿತರು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಭಾಷೆ.

ಕಂಪನಿ ನಾಟಕದಲ್ಲಾಗಲಿ ಜಾತ್ರೆ ನಾಟಕದಲ್ಲಾಗಲಿ ಒಂದು ಪದ್ಧತಿ ಬೆಳೆದುಬಂದಿತ್ತು. ಹೀರೋ ಮಾತಾಡಿದರೆ ಗ್ರಂಥದ ಕನ್ನಡ. ‘ತಾಯೇ, ನಿನ್ನ ಈ ಕಣ್ಣೀರಿಗೆ ಕಾರಣವಾದ ಆ ದುರುಳನನ್ನು’ ಅಂತ ಶುರುವಾದರೆ ಚಪ್ಪಾಳೆ ಬೀಳುವವರೆಗೆ ನಿಲ್ಲುವುದಿಲ್ಲ. ತಾಯಿಯೂ ಅದೇ ಕನ್ನಡದಲ್ಲಿ ಅಳುತ್ತಾಳೆ. ನಮ್ಮ ಮಾತು, ಅಂದರೆ ‘ಏನ್ ಮಾಡ್ಲಕತ್ತಿ’, ‘ಎಲ್ಲಿಗಿ ಹೊಂಟಿ’ ಅನ್ನುವ ಮಾತು ಸ್ಟೇಜಿನ ಮೇಲೆ ಬರುತ್ತಿದ್ದುದು ಒಬ್ಬನ ಬಾಯಿಂದ ಮಾತ್ರ. ಹಾಸ್ಯಗಾರನ ಬಾಯಿಂದ. ಅವನು ಬಾಯಿ ತೆಗೆದರೆ ಸಾಕು, ಜನ ನಗುತ್ತಿದ್ದರು. ಆ ಮಾತನ್ನೇ ದಿನವಿಡೀ ಆಡುವ ಜನ ಆ ಮಾತಿಗೇ ನಗುತ್ತಿದ್ದರು.

ಬಾವಿ ನಾಟಕ ಬರೆದದ್ದು 1974ರಲ್ಲಿ. 1972ರ ಬರ ಇನ್ನೂ ಜನರ ಮೈಯಲ್ಲಿ ಇತ್ತು. ಗಂಜಿ ಕೇಂದ್ರದ ಮುಂದೆ ಸಾಲು ನಿಂತವರು, ಕಾಮಗಾರಿಯಲ್ಲಿ ಕಲ್ಲು ಒಡೆದವರು, ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಬೊಂಬಾಯಿಗೆ ಹೋದವರು ಇವರೇ. ಊರವರೆಲ್ಲ ಸೇರಿ ಬರದ ಕಾಮಗಾರಿಯಲ್ಲಿ ಒಂದು ಬಾವಿ ತೋಡುತ್ತಾರೆ. ನೀರು ಬೀಳುತ್ತದೆ. ಬಿದ್ದ ಮೇಲೆ, ತೋಡಿದವರಲ್ಲಿ ಅರ್ಧ ಜನ ಕೊಡ ಹಿಡಿದು ದೂರ ನಿಲ್ಲಬೇಕಾಗುತ್ತದೆ. ಆ ದೂರ ನಿಂತವರಲ್ಲಿ ಒಬ್ಬ ತಾಯಿ, ಒಬ್ಬ ಮಗ. ಸರ್ ಆ ತಾಯಿಯ ಬಾಯಿಗೆ ನಮ್ಮ ಮಾತು ಕೊಟ್ಟರು. ಮೊದಲಿನಿಂದ ಕೊನೆಯವರೆಗೆ. ಗ್ರಂಥದ ಕನ್ನಡ ಉಳಿದದ್ದು ಗೌಡನಿಗೆ ಮಾತ್ರ.

ಒಂದು ಊರಿನಲ್ಲಿ ಹಿರಿಯರು ‘ಬಾವಿ ಸೀನು ತೆಗೀರಿ ಸರ್, ಉಳಿದದ್ದು ಛಲೋ ಅದ’ ಅಂದರಂತೆ. ಸರ್ ಜಗಳ ಆಡಲಿಲ್ಲ. ಹಸ್ತಪ್ರತಿ ಬಗಲುಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು. ಮೂರನೇ ದಿನ ಅದೇ ಊರಿನ ಹುಡುಗರು ಕಲಬುರಗಿಯ ಮನೆ ಬಾಗಿಲಿಗೆ ಬಂದು ನಿಂತಿದ್ದರು. ಸೀನು ಉಳಿಯಿತು.

ನಾನು ಆ ನಾಟಕ ನೋಡಿದ್ದು ನಮ್ಮೂರ ಜಾತ್ರೆಯಲ್ಲಿ, 1983ರಲ್ಲಿ. ನನಗೆ ಹತ್ತು ವರ್ಷ. ಅಜ್ಜಿಯ ಪಕ್ಕ ಕೂತಿದ್ದೆ. ತಾಯಿ ಪಾತ್ರಕ್ಕೆ ಬಾಗಲಕೋಟೆ ಕಡೆಯಿಂದ ಕಲಾವಿದೆ ಬಂದಿದ್ದರು. ಅವರ ಕಡೆ ‘ಮಾಡಾಕತ್ತೀನಿ’ ಅನ್ನುತ್ತಾರೆ, ನಮ್ಮ ಕಡೆ ‘ಮಾಡ್ಲಕತ್ತೀನಿ’. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಸರ್ ಮಧ್ಯಾಹ್ನವೆಲ್ಲ ಆಕೆಯ ಎದುರು ಕೂತು ಹೇಳಿಕೊಟ್ಟರು ಅಂತ ಆಮೇಲೆ ತಿಳಿಯಿತು. ಹೇಳಿಕೊಡುವ ಮುಂಚೆ ಆಕೆಗೆ ಕುರ್ಚಿ ಹಾಕಿಸಿ, ಮೊದಲ ಊಟ ಆಕೆಗೇ ಬಡಿಸಿದರಂತೆ. ಆಗ ಹಳ್ಳಿಯಲ್ಲಿ ನಾಟಕದ ಹೆಣ್ಣುಮಕ್ಕಳಿಗೆ ಇದನ್ನೆಲ್ಲ ಮಾಡುವವರು ಎಷ್ಟು ಜನ ಇದ್ದರು?

ಪರದೆ ಎದ್ದಿತು. ತಾಯಿ ಖಾಲಿ ಕೊಡ ಇಟ್ಟು ‘ಯವ್ವಾ, ಸಾಕಾಯ್ತು’ ಅಂದಳು. ಜನ ಗೊಳ್ಳಂತ ನಕ್ಕರು. ಅಭ್ಯಾಸ, ಅಲ್ವಾ? ನಮ್ಮ ಮಾತು ಕೇಳಿಸಿತು, ಹಾಸ್ಯಗಾರ ಬಂದ ಅಂತ ನಕ್ಕರು. ಆಕೆ ಎರಡನೇ ಮಾತಾಡಿದಳು. ಮತ್ತೆ ನಕ್ಕರು, ಸ್ವಲ್ಪ ಕಡಿಮೆ. ಮಗ ಹೊರಡುವ ಸೀನು ಬರುವ ಹೊತ್ತಿಗೆ ರಾತ್ರಿ ಎರಡು ಗಂಟೆ. ಯಾರೂ ನಗುತ್ತಿರಲಿಲ್ಲ. ಅಜ್ಜಿ ನನ್ನ ಮುಂಗೈ ಹಿಡಿದುಕೊಂಡಿದ್ದಳು, ಬಳೆ ಒತ್ತಿ ನೋವಾಗುವಷ್ಟು ಗಟ್ಟಿಯಾಗಿ. ತಾಯಿ ಏನೋ ಅಂದಳು. ಏನಂದಳು ಅಂತ ನನಗೆ ನೆನಪಿಲ್ಲ. ಆ ಮಾತಾದ ಮೇಲೆ ಜನರೇಟರ್ ಸದ್ದು ಮಾತ್ರ ಕೇಳುತ್ತಿದ್ದುದು ನೆನಪಿದೆ. ಆಯೇರಿ ಕೊಡಲು ಒಬ್ಬರೂ ಏಳಲಿಲ್ಲ.

ಹತ್ತು ವರ್ಷದ ನಂತರ ಅದೇ ಸರ್ ನನ್ನ ಕ್ಲಾಸಿಗೆ ಬಂದರು.

ಅವರು ನಾಟಕ ಕಲಿಸುವ ರೀತಿಯೇ ಬೇರೆ. ಪಠ್ಯದ ನಾಟಕವನ್ನು ಮೊದಲು ಯಾರಿಗೂ ಪೂರ್ತಿ ಓದಲು ಬಿಡುತ್ತಿರಲಿಲ್ಲ. ಹಾಳೆ ಹರಿದು, ಒಬ್ಬೊಬ್ಬರಿಗೆ ಒಂದೊಂದು ಪಾರ್ಟು ಬಿಡಿಸಿ ಬರೆದು ಕೊಡುತ್ತಿದ್ದರು. ಬಾಲ ಮತ್ತು ಮಾತು, ಬಾಲ ಮತ್ತು ಮಾತು. ‘ಪಾರ್ಟು ಓದ್ಲಕ್ಕ ಕಣ್ಣು ಸಾಕು. ಪಾರ್ಟು ಯಾವಾಗ ಬರ್ತದ ಅಂತ ತಿಳೀಲಕ್ಕ ಕಿವಿ ಬೇಕು’ ಅನ್ನುತ್ತಿದ್ದರು. ನಾವು ನಮ್ಮ ಬಾಲಕ್ಕೆ ಕಾಯುತ್ತಾ ಎಲ್ಲರ ಮಾತೂ ಕೇಳಿಸಿಕೊಳ್ಳುತ್ತಿದ್ದೆವು. ಶೇಕ್ಸ್‌ಪಿಯರನ ಕಾಲದ ಲಂಡನ್ನಿನಲ್ಲೂ ಹೀಗೇ ಇತ್ತು ಅಂತ ಅವರಿಂದಲೇ ಗೊತ್ತಾಗಿದ್ದು. ಅಲ್ಲಿ ನಟನಿಗೆ ಅವನ ಮಾತಷ್ಟನ್ನು ಉದ್ದನೆಯ ಕಾಗದದಲ್ಲಿ ಬರೆದು ಸುರುಳಿ ಸುತ್ತಿ ಕೊಡುತ್ತಿದ್ದರು. ಸುರುಳಿಗೆ ರೋಲ್ ಅನ್ನುತ್ತಾರೆ. ನಾವು ಇವತ್ತು ‘ಅವನ ರೋಲ್ ಚೆನ್ನಾಗಿತ್ತು’ ಅನ್ನುವುದು ಅಲ್ಲಿಂದ ಬಂದ ಮಾತು. ಕೈಯಲ್ಲಿ ನಕಲು ಮಾಡುವುದು ಕಷ್ಟ, ಕಾಗದ ದುಬಾರಿ, ಪೂರ್ತಿ ನಾಟಕ ಕೈಗೆ ಸಿಕ್ಕರೆ ಬೇರೆ ಕಂಪನಿಯವರು ಆಡಿಬಿಡುತ್ತಾರೆ ಅನ್ನುವ ಹೆದರಿಕೆ. ಲಂಡನ್ನಿನ ಕಾರಣಗಳೇ ನಮ್ಮ ಹಳ್ಳಿಯ ಕಾರಣಗಳೂ ಆಗಿದ್ದವು. ಇದು ಗೊತ್ತಾದ ದಿನ ನನಗೆ ನಮ್ಮೂರ ಗುಡಿ ಕಟ್ಟೆ ಸ್ವಲ್ಪ ಎತ್ತರವಾಗಿ ಕಂಡಿತು.

ಕಲಬುರಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಗಳ ಬಗ್ಗೆ ಹೇಳುವಾಗ ಅವರ ದನಿಯೇ ಬದಲಾಗುತ್ತಿತ್ತು. 1928ರಲ್ಲಿ, ನಿಜಾಮನ ಕಾಲದಲ್ಲಿ, ಇಲ್ಲಿ ಸಮ್ಮೇಳನ ಆದಾಗ ಅಧ್ಯಕ್ಷರಾಗಿದ್ದವರು ಬಿ.ಎಂ. ಶ್ರೀಕಂಠಯ್ಯ. ಗ್ರೀಕ್ ದುರಂತ ನಾಟಕದ ಅಚ್ಚಿಗೆ ನಮ್ಮ ಅಶ್ವತ್ಥಾಮನ ಕಥೆ ಹಾಕಿದವರು. 1949ರಲ್ಲಿ ಮತ್ತೆ ಇಲ್ಲೇ ಆಯಿತು, ಆಗ ಅಧ್ಯಕ್ಷರು ಉತ್ತಂಗಿ ಚನ್ನಪ್ಪ. ಸರ್‌ಗೆ ಉತ್ತಂಗಿ ಅಂದರೆ ಪ್ರಾಣ. ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿದ ಮನುಷ್ಯ. ‘ಒಬ್ಬ ಕವಿ ಪೂರಾ ಊರಾಗ ಹಂಚಿ ಹೋಗಿದ್ದ. ಉತ್ತಂಗಿಯವ್ರು ಹೋಗಿ ಒಬ್ಬೊಬ್ಬರ ಬಾಯಿಲಿಂದ ಇಸ್ಕೊಂಡು ಬಂದ್ರು’ ಅನ್ನುತ್ತಿದ್ದರು.

ಹಾಗೇ ಕವಿರಾಜಮಾರ್ಗ. ಅದು ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮ ಪಕ್ಕದ್ದೇ, ಕಾಗಿಣಾ ದಂಡೆಯಲ್ಲಿ. ಎಲ್ಲರೂ ಆ ಗ್ರಂಥದಿಂದ ಕಾವೇರಿ ಗೋದಾವರಿಯ ಪದ್ಯ ಹೇಳುತ್ತಾರೆ. ಸರ್ ಹೇಳುತ್ತಿದ್ದುದು ಇನ್ನೊಂದು. ಕನ್ನಡದಲ್ಲಿ ದೇಸಿಗಳು ಎಷ್ಟು ಬಗೆ ಅಂದರೆ ಅವನ್ನೆಲ್ಲ ತಿಳಿಯಲು ಹೋದರೆ ವಾಸುಗಿಗೂ ಬೇಸರ ಬಂದೀತು ಅನ್ನುವ ಮಾತು ಅದರಲ್ಲಿದೆ. ಸಾವಿರದ ನೂರು ವರ್ಷಕ್ಕೂ ಹಿಂದೆ, ಮಳಖೇಡದ ಆಸ್ಥಾನದಲ್ಲಿ ಕೂತವರ ಕಿವಿಗೆ ಒಂದೊಂದು ಸೀಮೆಯ ಕನ್ನಡ ಬೇರೆ ಬೇರೆಯಾಗಿ ಕೇಳಿಸಿತ್ತು ಅಂತ ಅವರು ನಮಗೆ ತೋರಿಸಿದರು. ಅಲ್ಲಿಯವರೆಗೆ ನನ್ನ ಮಾತು ಅಶುದ್ಧ ಅಂತ ನಾನು ನಂಬಿದ್ದೆ. ಸಂದರ್ಶನಕ್ಕೆ ಹೋದರೆ ಬಾಯಿ ಕಟ್ಟುತ್ತಿತ್ತು. ಆ ಕ್ಲಾಸಿನ ಮೇಲೆ ಸ್ವಲ್ಪ ಬಿಚ್ಚಿತು.

ಕಲಬುರಗಿ ಆಕಾಶವಾಣಿ 1966ರಲ್ಲಿ ಶುರುವಾಗಿತ್ತು. ಅಲ್ಲಿಗೂ ಕೆಲವು ಕಿರುನಾಟಕ ಬರೆದರು. ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಹೊಸ ನಾಟಕ ಬಂದರೆ ತಪ್ಪದೆ ಹೋಗುತ್ತಿದ್ದರು, ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ನಿದ್ದೆ ಅಲ್ಲ, ಕೇಳುತ್ತಿದ್ದರು.

ಬಡ್ತಿಯ ವಿಷಯದಲ್ಲಿ ಅವರಿಗೆ ಅನ್ಯಾಯ ಆಯಿತು ಅಂತ ನಾನು ಈಗಲೂ ನಂಬುತ್ತೇನೆ. ಒಂದು ಆಯ್ಕೆ ಸಮಿತಿ ‘ಪ್ರಕಟಿತ ಕೃತಿ ಎಷ್ಟು’ ಅಂತ ಕೇಳಿತು. ಮೂರು ಅಂದರು. ಹದಿನೇಳು ನಾಟಕ, ನೂರಾರು ರಾತ್ರಿ, ಒಂದೊಂದು ರಾತ್ರಿಗೂ ಊರಿಗೆ ಊರೇ ಕೂತು ನೋಡಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. ಅಚ್ಚಾಗದ ನಾಟಕ ನಾಟಕವೇ ಅಲ್ಲ ಅನ್ನುವಂತೆ ಆಯಿತು. ಸರ್ ಈ ಬಗ್ಗೆ ಎಂದೂ ಮಾತಾಡಲಿಲ್ಲ. ಅವರ ಮನೆಯ ಅಮ್ಮ ಹೇಳಿದ್ದು ಇದು, ಅವರು ಹೋದ ಮೇಲೆ.

ಬಿಎ ಕೊನೆಯ ವರ್ಷ ನಮ್ಮನ್ನು ಚಿತ್ತಾಪುರದ ಪಕ್ಕದ ನಾಗಾವಿಗೆ ಕರೆದುಕೊಂಡು ಹೋಗಿದ್ದರು. ಯಲ್ಲಮ್ಮನ ಗುಡಿ ಅಂತ ಎಲ್ಲರಿಗೂ ಗೊತ್ತು. ಅಲ್ಲಿ ಅರವತ್ತು ಕಂಬದ ಗುಡಿಯೂ ಇದೆ, ಹಿಂದೆ ದೊಡ್ಡ ಘಟಿಕಾಸ್ಥಾನ, ಅಂದರೆ ವಿದ್ಯಾಪೀಠ ಇತ್ತು. 1058ರ ಶಾಸನದಲ್ಲಿ ಅಲ್ಲಿ ಓದುತ್ತಿದ್ದವರ, ಕಲಿಸುತ್ತಿದ್ದವರ ಲೆಕ್ಕ ಇದೆ. ವೇದ ಓದುವವರೇ ಇನ್ನೂರು ಜನ. ಸರ್ ನಮಗೆ ತೋರಿಸಿದ್ದು ಇನ್ನೊಂದು ಸಂಖ್ಯೆ. ಆರು ಜನ ಸರಸ್ವತಿ ಭಂಡಾರಿಗರು. ಅಂದರೆ ಓಲೆಗರಿ ಕಾಯುವವರು, ಇವತ್ತಿನ ಮಾತಿನಲ್ಲಿ ಲೈಬ್ರೇರಿಯನ್ನರು. ‘ಬರೆದವ್ರ ಹೆಸರು ಎಲ್ಲರೂ ಹೇಳ್ತಾರ. ಕಾಯ್ದವ್ರಿಗೂ ಸಂಬಳ ಕೊಟ್ಟಾರ ನೋಡ್ರಿ’ ಅಂದರು. ಆಗಲೇ ಅವರ ಹಸ್ತಪ್ರತಿಗಳ ಟ್ರಂಕಿಗೆ ಗೆದ್ದಲು ಹತ್ತಿತ್ತು ಅಂತ ನಮಗೆ ಗೊತ್ತಿರಲಿಲ್ಲ. ಗೆದ್ದಲು ತಿನ್ನದೆ ಉಳಿದವನ್ನು ಹಳ್ಳಿಯವರು ‘ನಕಲು ಮಾಡಿಕೊಂಡು ಕೊಡ್ತೀವಿ’ ಅಂತ ಒಯ್ದರು. ಆ ಹಳ್ಳಿಯಿಂದ ಇನ್ನೊಂದು ಹಳ್ಳಿಗೆ ಹೋದವು. ಸರ್ ಯಾರಿಗೂ ಇಲ್ಲ ಅನ್ನಲಿಲ್ಲ.

ಅವರು ತೀರಿಕೊಂಡ ಮೇಲೆ, 2020ರ ಫೆಬ್ರುವರಿಯಲ್ಲಿ ಕಲಬುರಗಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನ ಆಯಿತು. ವಿಶ್ವವಿದ್ಯಾಲಯದ ಆವರಣ ಜನರಿಂದ ತುಂಬಿತ್ತು. ಅಧ್ಯಕ್ಷರು ಎಚ್.ಎಸ್. ವೆಂಕಟೇಶಮೂರ್ತಿ. ಅವರೂ ನಾಟಕ ಬರೆದವರು. ನಾನು ಮೂರೂ ದಿನ ಪುಸ್ತಕದ ಮಳಿಗೆಗಳಲ್ಲಿ ಸರ್ ಅವರ ಆ ಮೂರು ನಾಟಕ ಹುಡುಕಿದೆ. ಒಂದೂ ಸಿಗಲಿಲ್ಲ. ಕೊನೆಯ ದಿನ ಧೂಳಿನಲ್ಲಿ ನಡೆದು ಬಸ್ಸಿಗೆ ಬರುವಾಗ ಉತ್ತಂಗಿಯವರ ನೆನಪಾಯಿತು. ಹೋಗಿ ಒಬ್ಬೊಬ್ಬರ ಹತ್ತಿರ ಇಸಿದುಕೊಂಡು ಬರಬೇಕು ಅಂತ ಅಲ್ಲೇ ನಿರ್ಧಾರ ಮಾಡಿದೆ. ಒಂದೇ ನಾಟಕ, ಬಾವಿ ನಾಟಕ. ಮರು ತಿಂಗಳೇ ಲಾಕ್‌ಡೌನ್ ಬಂತು, ಹುಡುಕಾಟ ಶುರುವಾಗಲು ಒಂದೂವರೆ ವರ್ಷ ಹಿಡಿಯಿತು.

ಮಗನ ಪಾರ್ಟು ಮೊದಲು ಸಿಕ್ಕಿತು. ಆ ಪಾರ್ಟು ಮಾಡಿದವರು ಈಗಿಲ್ಲ, ಮಗಳು ಕೊಟ್ಟಳು. ಪೋಸ್ಟ್‌ಮನ್ ಪಾರ್ಟು ಒಬ್ಬರ ಮನೆಯ ಹಿಟ್ಟಿನ ಡಬ್ಬಿಯ ಕೆಳಗೆ ಇತ್ತು. ಗೌಡನ ಪಾರ್ಟಿನ ನೋಟ್‌ಬುಕ್ ಸಿಗಲೇ ಇಲ್ಲ, ಗೌಡನೇ ಸಿಕ್ಕ. ಎಪ್ಪತ್ತೆಂಟು ವರ್ಷ. ಹೊಲದ ಬದುವಿನಲ್ಲಿ, ಬೇವಿನ ಮರದ ಕೆಳಗೆ ಕೂತಿದ್ದರು. ‘ಪಾರ್ಟು ನೆನಪದ ಏನ್ರಿ?’ ಅಂದೆ. ‘ಅದ’ ಅಂದರು. ಸುಮ್ಮನೆ ಕೂತರು. ನಾನು ಕಾದೆ. ಅವರೂ ಕಾದರು. ಆಮೇಲೆ ಅವರೇ ಅಂದರು, ‘ನೀ ಬಾಲ ಹೇಳಬೇಕಲ್ಲವ್ವಾ. ಬಾಲ ಇಲ್ಲದ ಹ್ಯಾಂಗ್ ಹೇಳ್ಲಿ?’

ನಾನು ಮಗನ ನೋಟ್‌ಬುಕ್ ತೆಗೆದೆ. ಮಗನ ಮಾತಿನ ಕೊನೆಯ ಮೂರು ಪದ ಓದಿದೆ. ಆ ಮುದುಕ ಎದ್ದು ನಿಂತರು. ಹೆಗಲ ಮೇಲಿನ ಟವೆಲ್ಲು ಸರಿ ಮಾಡಿಕೊಂಡರು. ಗ್ರಂಥದ ಕನ್ನಡ ಒಂದು ಅಕ್ಷರ ತಪ್ಪದೆ ಬಂತು. ನಲವತ್ತು ವರ್ಷ ಆ ಮಾತು ಅವರೊಳಗೆ ಬಾಲಕ್ಕಾಗಿ ಕಾಯುತ್ತಾ ಕೂತಿತ್ತು. ಮೂರು ಮಧ್ಯಾಹ್ನ ನಾನು ಬಾಲ ಹೇಳಿದೆ, ಅವರು ಪಾರ್ಟು ಹೇಳಿದರು, ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಬಾವಿ ಸೀನಿನಲ್ಲಿ, ಗೌಡ ತಾಯಿಗೆ ‘ಸರಿದು ನಿಲ್ಲು’ ಅನ್ನುವ ಮಾತು ಬಂದಾಗ ಅವರು ನಿಲ್ಲಿಸಿದರು. ‘ಈ ಮಾತು ಆಡ್ಲಕ್ಕ ಆವತ್ತೂ ನಂಗ ಸಂಕಟ ಆಗಿತ್ತು. ಸರ್ ಅಂದ್ರು, ಸಂಕಟ ಆದ್ರೂ ಆಡು, ಕೇಳೋರಿಗೂ ಆಗ್ಲಿ ಅಂತ’ ಅಂದರು. ಆಮೇಲೆ ಆ ಮಾತೂ ಆಡಿದರು.

ತಾಯಿಯ ಪಾರ್ಟು ಮಾತ್ರ ಎಲ್ಲೂ ಇಲ್ಲ. ನಾನು ನೋಡಿದ ಕಲಾವಿದೆ ತೀರಿಹೋಗಿದ್ದರು. ಆಗ ಗೌಡರೇ ಒಂದು ಸುಳಿವು ಕೊಟ್ಟರು. 1974ರಲ್ಲಿ, ಮೊದಲ ಸಲ ಆಡಿದಾಗ, ತಾಯಿ ಮಾಡಿದ್ದು ಹೆಣ್ಣುಮಗಳಲ್ಲ. ಪಕ್ಕದ ಊರಿನ ಒಬ್ಬ ರೈತ. ಆಗ ನಲವತ್ತರ ಮೇಲಿನ ವಯಸ್ಸು, ತೆಳ್ಳಗಿನ ದನಿ.

ಹೋದೆ. ಅವರು ಹೋಗಿ ಹದಿನೈದು ವರ್ಷ. ಮೊಮ್ಮಗ ಕಿರಾಣಿ ಅಂಗಡಿ ಇಟ್ಟಿದ್ದಾನೆ. ‘ಕನ್ನಡದ್ದು ಯಾವ ನೋಟ್‌ಬುಕ್ಕೂ ಇಲ್ರಿ’ ಅಂದ. ಚಹಾ ಕೊಟ್ಟ. ನಾನು ಏಳುವಾಗ ಅವನ ತಾಯಿ ಒಳಗಿನಿಂದ ಬಂದಳು. ‘ಮಾವ ಬರೆದದ್ದು ಒಂದು ಅದ. ಆದ್ರ ಅದು ಉರ್ದು. ಹೊಲದ ಕಾಗದ ಇರಬೇಕಂತ ದೇವರ ಜಗಲಿ ಮ್ಯಾಲ ಇಟ್ಟೀವಿ.’

ಬಟ್ಟೆ ಬಿಚ್ಚಿದಳು. ಒಳಗೆ ನಲವತ್ತು ಹಾಳೆಯ ನೋಟ್‌ಬುಕ್. ಬಲದಿಂದ ಎಡಕ್ಕೆ ಬರವಣಿಗೆ. ನನಗೆ ಓದಲು ಬರಲಿಲ್ಲ. ಆದರೆ ಪುಟದ ರೂಪ ನೋಡಿದ ಕೂಡಲೇ ಎದೆ ಹೊಡೆದುಕೊಂಡಿತು. ಚುಕ್ಕಿ ಚುಕ್ಕಿ, ಎರಡು ಮೂರು ಪದ. ಆಮೇಲೆ ಉದ್ದ ಸಾಲು. ಮತ್ತೆ ಚುಕ್ಕಿ. ಇದು ಹೊಲದ ಕಾಗದ ಅಲ್ಲ.

ಅವರು ಓದಿದ್ದು ನಿಜಾಮನ ಕಾಲದ ಶಾಲೆಯಲ್ಲಿ. ಅವರಿಗೆ ಬರುತ್ತಿದ್ದ ಅಕ್ಷರ ಉರ್ದು ಒಂದೇ. ಸರ್ ತಾಲೀಮಿನಲ್ಲಿ ಬಾಯಲ್ಲಿ ಹೇಳಿದ್ದನ್ನು ತಮ್ಮ ಅಕ್ಷರದಲ್ಲಿ ಬರೆದುಕೊಂಡಿದ್ದಾರೆ. ಹೊಲದ ಪತ್ರ ಅಂತ ಮನೆಯವರು ತಿಳಿದಿದ್ದರಿಂದ ಅದಕ್ಕೆ ದಿನಾ ಊದಿನಕಡ್ಡಿ ಬೆಳಗಿದ್ದಾರೆ. ಅದಕ್ಕೇ ಉಳಿದಿದೆ.

ಕಲಬುರಗಿಯ ನಮ್ಮ ಓಣಿಯಲ್ಲಿ ಉರ್ದು ಶಾಲೆಯ ನಿವೃತ್ತ ಟೀಚರ್ ಒಬ್ಬರಿದ್ದಾರೆ. ನೋಟ್‌ಬುಕ್ ಹಿಡಿದು ಅವರ ಮನೆಗೆ ಹೋದೆ. ಕನ್ನಡಕ ಹಾಕಿಕೊಂಡರು. ಒಂದು ಸಾಲು ಓದಲು ನೋಡಿದರು. ಆಗಲಿಲ್ಲ. ಉರ್ದು ಬರೆಯುವಾಗ ಅ, ಇ, ಉ ಥರದ ಸಣ್ಣ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಗೊತ್ತಿರುವ ಪದವಾದರೆ ಕಣ್ಣೇ ತುಂಬಿಕೊಳ್ಳುತ್ತದೆ. ಇಲ್ಲಿರುವುದು ಕನ್ನಡ ಪದ. ಜೊತೆಗೆ ಆ ಲಿಪಿಯಲ್ಲಿ ಳ ಇಲ್ಲ, ಣ ಇಲ್ಲ. ‘ಕಣ್ಣಿಲೆ ಓದ್ಲಕ್ಕ ಆಗಲ್ಲವ್ವಾ. ನಾ ಒಂದೊಂದೇ ಅಕ್ಷರ ಹೇಳ್ತೀನಿ, ನೀ ಕೇಳು’ ಅಂದರು.

ಇಡೀ ಚಳಿಗಾಲ ಹಾಗೆ ಕೂತೆವು. ಅವರು ಹೇಳುವುದು, ನಾನು ಕೇಳಿ ಕನ್ನಡದಲ್ಲಿ ಬರೆಯುವುದು. ಮಗ ಹೊರಡುವ ಸೀನು ಬಂದ ದಿನ ಸಂಜೆಯಾಗಿತ್ತು.

‘ಬಂಬಈ’ ಅಂದರು ಥಟ್ಟನೆ. ಅದೊಂದು ಪದ ಅವರಿಗೆ ನೋಡಿದ ಕೂಡಲೇ ಗೊತ್ತಾಯಿತು. ಉರ್ದುವಿನಲ್ಲಿ ಬರೆಯುವ ಹಾಗೇ ಬರೆದಿತ್ತು. ಅದರ ಬಾಲಕ್ಕೆ ‘ದಾಗ’.

‘ನೀರ. ಆಮೇಲೆ ಕೇಲಿದ್ರ.’

‘ಕೇಳಿದ್ರ’ ಅಂದೆ.

‘ನೀ ಯಾರ. ಆಮೇಲೆ ಮೀಮ್, ಗಾಫ್. ಎರಡೇ ಅಕ್ಷರ. ಮಿಗ? ಮುಗ?’

ನನಗೆ ತಕ್ಷಣ ಮಾತು ಬರಲಿಲ್ಲ. ಅವರು ಕನ್ನಡಕದ ಮೇಲಿಂದ ನನ್ನ ಮುಖ ನೋಡಿದರು.

‘ಮಗ’ ಅಂದೆ.

‘ಹಾಂ, ಮಗ. ಯಾರ ಮಗ ಅಂತ ಕೇಲಂಗಿಲ್ಲಂತಲ್ಲೋ.’ ಅವರು ನಿಧಾನಕ್ಕೆ ಮೊದಲಿನಿಂದ ಕೂಡಿಸಿ ಓದಿದರು. ಈ ಸಲ ತಡವರಿಸಲಿಲ್ಲ, ಳ ತಾನಾಗಿಯೇ ಬಂತು.

‘ಬೊಂಬಾಯಿದಾಗ ನೀರು ಕೇಳಿದ್ರ ನೀ ಯಾರ ಮಗ ಅಂತ ಕೇಳಂಗಿಲ್ಲಂತಲ್ಲೋ. ಹಂಗಾದ್ರ ಹೋಗು.’

ಸಾಲಿನ ಪಕ್ಕ ಅಂಚಿನಲ್ಲಿ ಪೆನ್ಸಿಲಿನಲ್ಲಿ ಇನ್ನೂ ಏನೋ ಇತ್ತು. ಅದೂ ಅದೇ ಕೈಬರಹ. ಸರ್ ತಾಲೀಮಿನಲ್ಲಿ ಹೇಳಿದ್ದನ್ನು ಆ ರೈತ ಮರೆಯಬಾರದು ಅಂತ ಬರೆದುಕೊಂಡದ್ದು. ಟೀಚರ್ ಪುಟವನ್ನು ಲೈಟಿನ ಹತ್ತಿರ ಹಿಡಿದರು.

‘ಅಲಬ್ಯಾಡ’ ಅಂದರು. ತಿದ್ದಿಕೊಂಡರು. ‘ಅಳಬ್ಯಾಡ. ಕೊಡ ಎತ್ತು.’